ಹೊಸ ಪೈಲಟ್‌ಗೆ ಯಾವ ಊರು, ಯಾವ ವಿಮಾನ? ಅಮೆರಿಕದ ಏರ್‌ಲೈನ್‌ಗಳ ಸೀನಿಯಾರಿಟಿ ಲೆಕ್ಕ

ಮನೆಯಲ್ಲಿ ಮಗನೋ ಮಗಳೋ ಪೈಲಟ್ ಆಗುತ್ತೇನೆ ಎಂದರೆ ಮಾತೆಲ್ಲ ಖರ್ಚಿನ ಸುತ್ತ ತಿರುಗುತ್ತದೆ. ಟ್ರೇನಿಂಗ್‌ಗೆ ಎಷ್ಟಾಗುತ್ತದೆ, ಏರ್‌ಲೈನ್ ಸೇರಲು ಬೇಕಾದ 1,500 ಗಂಟೆ ಹಾರಾಟ ಯಾವಾಗ ಮುಗಿಯುತ್ತದೆ, ಕೆಲಸ ಸಿಗುತ್ತದಾ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಮೆರಿಕದ ಏರ್‌ಲೈನ್ ಸೇರಿದ ಮೇಲೆ ಯಾವ ಊರಿನಿಂದ ಹಾರಬೇಕು, ಯಾವ ವಿಮಾನ ಹಾರಿಸಬೇಕು, ಹಬ್ಬದ ದಿನ ಮನೆಯಲ್ಲಿರುತ್ತೀರಾ ಇಲ್ಲವಾ ಎಂಬುದನ್ನೆಲ್ಲ ತೀರ್ಮಾನಿಸುವುದು ಒಂದೇ ಒಂದು ನಂಬರ್. ಸೀನಿಯಾರಿಟಿ ನಂಬರ್.

ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕಿದ್ದು, ಏರ್‌ಲೈನ್ ಬಾಗಿಲಿಗೆ ಬಂದು ನಿಂತ ಹೊಸ ಪೈಲಟ್‌ಗಳಿಗೆ ಮತ್ತು ಅವರ ಮನೆಯವರಿಗೆ ಈ ಲೇಖನ.

ಮೊದಲು ಈ ನಂಬರ್ ಏನೆಂದು ತಿಳಿಯಿರಿ

ಕಂಪನಿಯ ಎಲ್ಲ ಪೈಲಟ್‌ಗಳದ್ದೂ ಒಂದೇ ಪಟ್ಟಿ. ಮೊದಲು ಸೇರಿದವರು ಮೇಲೆ, ಆಮೇಲೆ ಸೇರಿದವರು ಕೆಳಗೆ. ಎಷ್ಟು ಚೆನ್ನಾಗಿ ಹಾರಿಸುತ್ತೀರಿ, ಹಿಂದೆ ಎಲ್ಲಿ ಕ್ಯಾಪ್ಟನ್ ಆಗಿದ್ದಿರಿ, ವಾಯುಪಡೆಯಲ್ಲಿ ಏನು ಮಾಡಿದಿರಿ, ಯಾವುದಕ್ಕೂ ಈ ಪಟ್ಟಿಯಲ್ಲಿ ಬೆಲೆಯಿಲ್ಲ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ರ‍್ಯಾಂಕ್ ಮೇಲಿದ್ದವರು ಮೊದಲು ಸೀಟು ಹಿಡಿಯುತ್ತಾರೆ, ಉಳಿದದ್ದು ಉಳಿದವರಿಗೆ. ಇಲ್ಲಿ ರ‍್ಯಾಂಕ್ ಕೊಡುವುದು ಅಂಕಗಳಲ್ಲ, ಸೇರಿದ ತಾರೀಖು. ಅಷ್ಟೇ ವ್ಯತ್ಯಾಸ.

ಇದು ಕಂಪನಿಯ ದಯೆಯಿಂದ ನಡೆಯುವುದಲ್ಲ. ಪೈಲಟ್ ಯೂನಿಯನ್ ಮತ್ತು ಕಂಪನಿ ಮಾಡಿಕೊಂಡ ಒಪ್ಪಂದದಲ್ಲಿ ಬರೆದಿರುತ್ತದೆ. ರೈಲು ನೌಕರರಿಗಾಗಿ 1926ರಲ್ಲಿ ಬಂದ ರೈಲ್ವೆ ಲೇಬರ್ ಆಕ್ಟ್ ಅನ್ನು 1936ರಲ್ಲಿ ಏರ್‌ಲೈನ್‌ಗಳಿಗೂ ವಿಸ್ತರಿಸಿದರು. ಒಪ್ಪಂದಗಳು ನಿಂತಿರುವುದು ಅದರ ಮೇಲೆ. ಡೆಲ್ಟಾ, ಯುನೈಟೆಡ್ ಪೈಲಟ್‌ಗಳು 1931ರಲ್ಲಿ ಹುಟ್ಟಿದ ಆಲ್ಪಾ ಯೂನಿಯನ್‌ನಲ್ಲಿದ್ದಾರೆ. ಅಮೆರಿಕನ್ ಏರ್‌ಲೈನ್ಸ್ ಮತ್ತು ಸೌತ್‌ವೆಸ್ಟ್ ಪೈಲಟ್‌ಗಳದ್ದು ಬೇರೆ ಬೇರೆ ಯೂನಿಯನ್. ಎಲ್ಲ ಕಡೆಯೂ ಸೂತ್ರ ಇದೇ.

ಮೇಲಿನವರಿಗೆ ಬೇಕಾದವನಿಗೆ ಒಳ್ಳೆಯ ಊರು, ಬೇಡವಾದವನಿಗೆ ಕಷ್ಟದ ಊರು ಎಂಬ ಆಟ ಇಲ್ಲಿ ನಡೆಯುವುದಿಲ್ಲ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಹವಾಮಾನ ಸರಿಯಿಲ್ಲ, ಈ ವಿಮಾನ ತೆಗೆಯುವುದಿಲ್ಲ ಎಂದು ಕ್ಯಾಪ್ಟನ್ ಹೇಳಿದರೆ, ಆ ಸಿಟ್ಟಿಗೆ ಅವರ ಮುಂದಿನ ಬೇಸ್ (ಹಾರಾಟ ಶುರು ಮಾಡುವ ಊರು) ಅಥವಾ ವಿಮಾನ ತಪ್ಪಿಸಲು ಯಾರಿಗೂ ಆಗುವುದಿಲ್ಲ. ಹೊಸಬರಿಗೆ ಮೊದಮೊದಲು ಕಷ್ಟ ಕೊಟ್ಟರೂ ಈ ಪದ್ಧತಿ ನ್ಯಾಯವಾದದ್ದು ಎಂದು ನಾನು ಗಟ್ಟಿಯಾಗಿ ನಂಬುವುದು ಅದಕ್ಕೇ.

ಕಹಿಯೂ ಇದೆ. ಕಂಪನಿ ಬಿಟ್ಟರೆ ನಂಬರ್ ಅಲ್ಲೇ ಉಳಿಯುತ್ತದೆ. 1991ರಲ್ಲಿ ಈಸ್ಟರ್ನ್ ಮತ್ತು ಪ್ಯಾನ್ ಆಮ್ ಏರ್‌ಲೈನ್‌ಗಳು ಎರಡೂ ಮುಚ್ಚಿದಾಗ, ವರ್ಷಾನುಗಟ್ಟಲೆ ಕ್ಯಾಪ್ಟನ್ ಆಗಿದ್ದ ಎಷ್ಟೋ ಜನ ಬೇರೆ ಕಡೆ ಪಟ್ಟಿಯ ತಳದಿಂದ ಶುರು ಮಾಡಿದರು. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್‌ನಂಥ ರೀಜನಲ್ (ಚಿಕ್ಕ ವಿಮಾನಗಳ ಪ್ರಾದೇಶಿಕ) ಕಂಪನಿಗಳಿಂದ ಅಮೆರಿಕನ್‌ಗೆ ನೇರವಾಗಿ ಹೋಗುವ ದಾರಿ ಇದೆ, ನಿಜ. ಆದರೆ ಅಲ್ಲಿಗೆ ಹೋದ ದಿನ ನೀವು ಅಲ್ಲಿನ ಕೊನೆಯ ನಂಬರ್. ರೀಜನಲ್‌ನಲ್ಲಿ ಗಳಿಸಿದ ಸೀನಿಯಾರಿಟಿ ಜೊತೆಗೆ ಬರುವುದಿಲ್ಲ.

ಕ್ಲಾಸ್ ತಾರೀಖು ಮುಂದೂಡಬೇಡಿ

ಕೆಲಸದ ಆಫರ್ ಬಂದ ಮೇಲೆ ಟ್ರೇನಿಂಗ್ ಕ್ಲಾಸ್ ಯಾವ ದಿನ ಶುರು ಎಂದು ಹೇಳುತ್ತಾರೆ. ಸೀನಿಯಾರಿಟಿ ಶುರುವಾಗುವುದು ಸಾಮಾನ್ಯವಾಗಿ ಆ ದಿನದಿಂದ. ಮದುವೆ ಇದೆ, ಊರಿಗೆ ಹೋಗಿ ಬರಬೇಕು, ಮನೆ ಖಾಲಿ ಮಾಡಬೇಕು ಎಂದು ಒಂದು ತಿಂಗಳು ಮುಂದಕ್ಕೆ ಹಾಕೋಣ ಅನ್ನಿಸುವುದು ಸಹಜ. ದಯವಿಟ್ಟು ಹಾಕಬೇಡಿ. 2022-23ರಲ್ಲಿ ನೇಮಕ ಜೋರಾಗಿದ್ದಾಗ ದೊಡ್ಡ ಕಂಪನಿಗಳು ತಿಂಗಳಿಗೆ 200ರ ಆಸುಪಾಸು ಪೈಲಟ್‌ಗಳನ್ನು ತೆಗೆದುಕೊಳ್ಳುತ್ತಿದ್ದವು. ಆಗ ಒಂದು ತಿಂಗಳು ತಡ ಮಾಡಿದವರ ಮೇಲೆ 200 ಜನ ಕುಳಿತುಬಿಟ್ಟರು, ನಿವೃತ್ತಿಯವರೆಗೂ. ನೇಮಕ ನಿಧಾನವಾಗಿದ್ದಾಗ ಮುಂದೂಡುವುದು ಇನ್ನೂ ಅಪಾಯ. ಮುಂದಿನ ಕ್ಲಾಸೇ ರದ್ದಾಗಬಹುದು.

ಎರಡು ಕಂಪನಿಗಳಿಂದ ಆಫರ್ ಬಂದಿದ್ದರೆ ಲೆಕ್ಕ ಬೇರೆ. ಯಾವ ಕಂಪನಿಯಲ್ಲಿ ಕೊನೆಯವರೆಗೂ ಇರುತ್ತೀರಿ ಎಂದು ಯೋಚಿಸಿ. ನಿಮ್ಮ ಊರಲ್ಲಿ ಬೇಸ್ ಇರುವ ಕಂಪನಿಗೆ ಎರಡು ತಿಂಗಳು ತಡವಾಗಿ ಸೇರುವುದು, ಬೇಸ್ ಇಲ್ಲದ ಕಂಪನಿಗೆ ಇವತ್ತೇ ಸೇರುವುದಕ್ಕಿಂತ ಮೇಲು.

ಒಂದೇ ಕ್ಲಾಸಿನಲ್ಲಿ ಒಂದೇ ದಿನ ಸೇರಿದವರ ನಡುವೆ ಯಾರು ಮೇಲೆ? ಹಲವು ಕಂಪನಿಗಳಲ್ಲಿ ವಯಸ್ಸಿನಲ್ಲಿ ದೊಡ್ಡವರು. 65ಕ್ಕೆ ನಿವೃತ್ತಿ ಕಡ್ಡಾಯವಾದ್ದರಿಂದ ಅವರು ಬೇಗ ಹೋಗುತ್ತಾರೆ, ಚಿಕ್ಕವರಿಗೆ ಮುಂದೆ ಏರಲು ಸಮಯವಿದೆ ಎಂಬ ತರ್ಕ. ಕೆಲವು ಕಡೆ ಸೋಶಿಯಲ್ ಸೆಕ್ಯುರಿಟಿ ನಂಬರ್‌ನ ಕೊನೆಯ ಅಂಕಿಗಳ ಮೇಲೆ, ಕೆಲವು ಕಡೆ ಚೀಟಿ ಎತ್ತಿ. ಇದನ್ನು ಬದಲಾಯಿಸಲು ನಿಮ್ಮಿಂದ ಆಗುವುದಿಲ್ಲ, ತಿಳಿದಿದ್ದರೆ ಸಾಕು.

ಪಟ್ಟಿ ಬರುವ ದಿನ

ಕ್ಲಾಸಿನ ಮೊದಲ ದಿನಗಳಲ್ಲೋ ಅದಕ್ಕೂ ಸ್ವಲ್ಪ ಮುಂಚೆಯೋ ಒಂದು ಪಟ್ಟಿ ಕೊಡುತ್ತಾರೆ. ಯಾವ ಬೇಸ್‌ನಲ್ಲಿ, ಯಾವ ವಿಮಾನಕ್ಕೆ, ಎಷ್ಟು ಫಸ್ಟ್ ಆಫೀಸರ್‌ಗಳು (ಕ್ಯಾಪ್ಟನ್ ಪಕ್ಕದ ಸಹ-ಪೈಲಟ್‌ಗಳು) ಬೇಕು ಎಂಬ ಪಟ್ಟಿ. ಕಂಪನಿಯಲ್ಲಿ ಆಗಲೇ ಇರುವವರು ಆರಿಸಿಕೊಂಡು ಬಿಟ್ಟ ಜಾಗಗಳು ಇವು. ನಿಮ್ಮ ಕ್ಲಾಸಿನವರು ನಂಬರ್ ಪ್ರಕಾರ ಒಬ್ಬೊಬ್ಬರಾಗಿ ಆರಿಸುತ್ತಾರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕ್ಲಾಸಿನಲ್ಲಿ 30 ಜನ. ಪಟ್ಟಿಯಲ್ಲಿ ನ್ಯೂವಾರ್ಕ್ 737ಗೆ 12, ಸ್ಯಾನ್ ಫ್ರಾನ್ಸಿಸ್ಕೊ 737ಗೆ 6, ಶಿಕಾಗೊ ಎ320ಗೆ 5, ಸ್ಯಾನ್ ಫ್ರಾನ್ಸಿಸ್ಕೊ 777ಗೆ 4, ಡೆನ್ವರ್ 737ಗೆ 3. ನಿಮ್ಮ ನಂಬರ್ 17. ಡೆನ್ವರ್ ಮೊದಲ ಕೆಲವೇ ನಿಮಿಷಗಳಲ್ಲಿ ಖಾಲಿ. ಶಿಕಾಗೊ ಹಿಂದೆಯೇ ಹೋಯಿತು. ನಿಮ್ಮ ಸರದಿ ಬಂದಾಗ ನ್ಯೂವಾರ್ಕ್ 737 ಬೇಕಾದಷ್ಟಿದೆ, 777ರಲ್ಲಿ ಒಂದು ಸೀಟು ಉಳಿದಿದೆ. ಎಲ್ಲರೂ ನಿಮ್ಮ ಮುಖ ನೋಡುತ್ತಿದ್ದಾರೆ. ದೊಡ್ಡ ವಿಮಾನ, ಸಾಗರ ದಾಟುವ ಹಾರಾಟ, ಅಮ್ಮನಿಗೆ ಫೋನ್ ಮಾಡಿ ಹೇಳಿಕೊಳ್ಳುವ ಸಂತೋಷ. ಕೈ 777 ಕಡೆ ಹೋಗುತ್ತದೆ ಅಲ್ವಾ?

ಒಂದು ನಿಮಿಷ ತಡೆಯಿರಿ. ಇಲ್ಲಿ ಎರಡು ನಂಬರ್ ಬೇರೆ ಬೇರೆ ಮಾಡಿ ನೋಡಬೇಕು. ಒಂದು, ಇಡೀ ಕಂಪನಿಯಲ್ಲಿ ನಿಮ್ಮ ಸ್ಥಾನ. ಇನ್ನೊಂದು, ಆ ಬೇಸ್‌ನಲ್ಲಿ, ಆ ವಿಮಾನದಲ್ಲಿ, ಆ ಸೀಟಿನಲ್ಲಿ (ಕ್ಯಾಪ್ಟನ್ ಅಥವಾ ಫಸ್ಟ್ ಆಫೀಸರ್) ನಿಮ್ಮ ಸ್ಥಾನ. ದಿನನಿತ್ಯದ ಬದುಕು ನಡೆಸುವುದು ಎರಡನೆಯದು. ಯಾವ ಟ್ರಿಪ್, ಯಾವ ದಿನ ರಜೆ, ರಿಸರ್ವ್‌ನಲ್ಲಿ (ಕರೆ ಬಂದರೆ ಹೋಗಲು ಕಾಯುತ್ತಾ) ಕೂರಬೇಕಾ ಬೇಡವಾ, ಎಲ್ಲವೂ ಆ ಚಿಕ್ಕ ಪಟ್ಟಿಯಲ್ಲೇ ತೀರ್ಮಾನ.

ನ್ಯೂವಾರ್ಕ್ 737ರಲ್ಲಿ ನೀವು ಇವತ್ತು ಕೊನೆಯವರು. ಆದರೆ ಮುಂದಿನ ತಿಂಗಳ ಕ್ಲಾಸಿನಿಂದ ಇನ್ನಷ್ಟು ಜನ ಅದೇ ಜಾಗಕ್ಕೆ ಬರುತ್ತಾರೆ, ನಿಮ್ಮ ಕೆಳಗೆ. ಅಲ್ಲಿದ್ದವರು ಬೇರೆ ಊರಿಗೆ ಹೋಗುತ್ತಲೇ ಇರುತ್ತಾರೆ. ನೇಮಕ ಸಾಗುತ್ತಿದ್ದರೆ ಬೇಗ ಮೇಲೇರುತ್ತೀರಿ. 777ರಲ್ಲಿ ಮುಂದಿನ ಕ್ಲಾಸಿಗೆ ಸೀಟೇ ಬರದಿರಬಹುದು. ಬಂದವರೆಲ್ಲ ನಿಮಗಿಂತ ಸೀನಿಯರ್ ಆಗಿದ್ದು, 737ರಿಂದ ಎದ್ದು ಬಂದವರಾಗಿರಬಹುದು. ಅಂದರೆ ಕಂಪನಿಯಲ್ಲಿ ನಿಮ್ಮ ನಂಬರ್ ಏರುತ್ತಿದ್ದರೂ ಆ ಸೀಟಿನಲ್ಲಿ ಮಾತ್ರ ಕೊನೆಯವರಾಗಿಯೇ ಉಳಿಯುತ್ತೀರಿ. ದೊಡ್ಡ ವಿಮಾನದ ಸೀಟು ಹೊಸಬರವರೆಗೂ ಇಳಿದು ಬಂದಿದೆ ಎಂದರೆ ಮೇಲಿದ್ದ ನೂರಾರು ಜನ ಅದನ್ನು ಬೇಡ ಎಂದಿದ್ದಾರೆ. ಯಾಕೆ ಬೇಡ ಎಂದರು ಎಂದು ಕೇಳಿ ತಿಳಿದುಕೊಂಡೇ ಕೈ ಹಾಕಿ.

ಸಂಬಳದ ಆಸೆಯೂ ಮೊದಲ ವರ್ಷ ಬೇಡ. ದೊಡ್ಡ ಕಂಪನಿಗಳಲ್ಲಿ ಮೊದಲ ವರ್ಷದ ದರ ಸಾಮಾನ್ಯವಾಗಿ ಯಾವ ವಿಮಾನಕ್ಕಾದರೂ ಒಂದೇ. ಎರಡನೇ ವರ್ಷದಿಂದ ವಿಮಾನ, ಸೀಟು, ಸೇವೆಯ ವರ್ಷ ಮೂರೂ ಸೇರಿ ದರ ನಿಗದಿಯಾಗುತ್ತದೆ.

ಮನೆ ಎಲ್ಲಿದೆ ಎಂದು ಮೊದಲು ಕೇಳಿಕೊಳ್ಳಿ

ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಬೇಸ್ ಸಿಕ್ಕರೆ ವಿಮಾನ ಯಾವುದಾದರೂ ಸರಿ, ಹಿಡಿಯಿರಿ. ಈ ಇಡೀ ವಿಷಯದಲ್ಲಿ ನಾನು ಒಂದೇ ಒಂದು ಮಾತು ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಹೊಸ ಪೈಲಟ್ ಮೊದಲು ರಿಸರ್ವ್‌ನಲ್ಲಿರುತ್ತಾರೆ. ತಮ್ಮದೇ ಟ್ರಿಪ್ ಇರುವುದಿಲ್ಲ, ಯಾರಿಗೋ ಹುಷಾರಿಲ್ಲ ಎಂದಾಗ ಫೋನ್ ಬರುತ್ತದೆ. ಶಾರ್ಟ್ ಕಾಲ್ ಎಂದರೆ ಫೋನ್ ಬಂದ ಎರಡು ಗಂಟೆ ಆಸುಪಾಸಿನಲ್ಲಿ ಏರ್‌ಪೋರ್ಟ್‌ನಲ್ಲಿರಬೇಕು. ಲಾಂಗ್ ಕಾಲ್ ಎಂದರೆ ಸಾಮಾನ್ಯವಾಗಿ 12 ಗಂಟೆ ಅಥವಾ ಇನ್ನೂ ಜಾಸ್ತಿ ಸಮಯ ಕೊಡುತ್ತಾರೆ. ಮನೆ ಏರ್‌ಪೋರ್ಟ್‌ನಿಂದ 40 ನಿಮಿಷ ದೂರದಲ್ಲಿದ್ದರೆ ಶಾರ್ಟ್ ಕಾಲ್ ದಿನ ನೀವು ಮನೆಯಲ್ಲೇ ಇದ್ದು ಅಡುಗೆ ಮಾಡಬಹುದು, ಮಗುವನ್ನು ಶಾಲೆಯಿಂದ ಕರೆತರಬಹುದು. ಫೋನ್ ಬರದಿದ್ದರೂ ತಿಂಗಳಿಗೆ ಇಷ್ಟು ಗಂಟೆ ಎಂದು ಕನಿಷ್ಠ ಸಂಬಳ ಖಾತರಿ.

ಮನೆ ಡಲ್ಲಾಸ್‌ನಲ್ಲಿದ್ದು ಬೇಸ್ ನ್ಯೂಯಾರ್ಕ್ ಆಗಿದ್ದರೆ? ಬೆಳಗ್ಗೆ 5ಕ್ಕೆ ಶಾರ್ಟ್ ಕಾಲ್ ಶುರುವಾದರೆ ಹಿಂದಿನ ದಿನವೇ ಹೊರಡಬೇಕು. ವಿಮಾನದಲ್ಲಿ ಖಾಲಿ ಸೀಟೋ ಕಾಕ್‌ಪಿಟ್‌ನಲ್ಲಿರುವ ಹೆಚ್ಚುವರಿ ಸೀಟಾದ ಜಂಪ್‌ಸೀಟೋ ಸಿಕ್ಕರೆ ಪುಣ್ಯ, ಅದಕ್ಕೂ ಪೈಪೋಟಿ ಇದೆ. ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್ ಬಡಾವಣೆ ಜೆಎಫ್‌ಕೆಗೂ ಲಗಾರ್ಡಿಯಾಗೂ ನಡುವೆ ಇದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಪೈಲಟ್‌ಗಳು, ಕ್ಯಾಬಿನ್ ಸಿಬ್ಬಂದಿ ಬಾಡಿಗೆ ಹಂಚಿಕೊಂಡು ಇರುತ್ತಾರೆ. ಒಂದು ಕೋಣೆ, ಮೇಲೊಂದು ಕೆಳಗೊಂದು ಮಂಚ, ಬೆಳಗಿನ ಜಾವ ಮೂರಕ್ಕೆ ಯಾರದೋ ಅಲಾರಂ. ಇದಕ್ಕೆ ಕ್ರ್ಯಾಶ್ ಪ್ಯಾಡ್ ಅನ್ನುತ್ತಾರೆ. ಬಾಡಿಗೆ ನಿಮ್ಮದೇ, ಪ್ರಯಾಣದ ಸಮಯಕ್ಕೆ ಸಂಬಳವಿಲ್ಲ. ರಜೆಯ ದಿನಗಳಲ್ಲಿ ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ ಕಳೆದುಹೋಗುತ್ತದೆ.

ಇದು ಬರೀ ಅನುಕೂಲದ ಮಾತಲ್ಲ. 2009ರ ಫೆಬ್ರವರಿಯಲ್ಲಿ ನ್ಯೂವಾರ್ಕ್‌ನಿಂದ ಬಫೆಲೊಗೆ ಹೊರಟ ಕೋಲ್ಗನ್ ಏರ್ 3407 ಬಿದ್ದು 50 ಜನ ಸತ್ತರು. ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿ. ಫಸ್ಟ್ ಆಫೀಸರ್ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ವಿಮಾನ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಮುಖ್ಯ ಕಾರಣ ಎಂದು ತನಿಖಾ ಮಂಡಳಿ ಹೇಳಿತು. ಇಬ್ಬರ ಕೆಲಸದ ಮೇಲೂ ದಣಿವಿನ ಪರಿಣಾಮ ಆಗಿದ್ದಿರಬಹುದು, ಅದು ಎಷ್ಟರಮಟ್ಟಿಗೆ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದೂ ಹೇಳಿತು. 1,500 ಗಂಟೆಯ ನಿಯಮ, 2014ರಲ್ಲಿ ಜಾರಿಯಾದ ವಿಶ್ರಾಂತಿಯ ಹೊಸ ನಿಯಮ, ಎರಡರ ಹಿಂದೆಯೂ ಈ ದುರಂತ ಇದೆ. ಆದರೆ ದೂರದ ಊರಿನಿಂದ ಕೆಲಸಕ್ಕೆ ಬರುವುದನ್ನು ಯಾವ ನಿಯಮವೂ ತಡೆದಿಲ್ಲ. ನಿದ್ದೆ ಮಾಡಿ ಬಂದಿದ್ದೀರಾ ಎಂಬುದು ಇವತ್ತಿಗೂ ನಿಮ್ಮ ಜವಾಬ್ದಾರಿ. ಹಾಗಾಗಿ ಬೇಸ್ ಆರಿಸುವಾಗ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಮ್ಮವರಿಗೆ ಒಂದು ಒಳ್ಳೆಯ ಸುದ್ದಿ ಇಲ್ಲಿದೆ. ಹೊಸಬರಿಗೆ ಸುಲಭವಾಗಿ ಸಿಗುವ ಬೇಸ್‌ಗಳು ಸಾಮಾನ್ಯವಾಗಿ ನ್ಯೂಯಾರ್ಕ್-ನ್ಯೂವಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ ಮನೆ ದುಬಾರಿ, ಆದ್ದರಿಂದ ಬಹಳ ಪೈಲಟ್‌ಗಳು ಬೇರೆ ಕಡೆ ಮನೆ ಮಾಡಿಕೊಂಡು ಅಲ್ಲಿಂದ ಹೊರಹೋಗಲು ಕಾಯುತ್ತಿರುತ್ತಾರೆ. ಕನ್ನಡದ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದೂ ನ್ಯೂಜೆರ್ಸಿ ಮತ್ತು ಬೇ ಏರಿಯಾದಲ್ಲೇ! ಎಡಿಸನ್‌ನಿಂದ ನ್ಯೂವಾರ್ಕ್ ಏರ್‌ಪೋರ್ಟ್, ಫ್ರೀಮಾಂಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟ್, ಎರಡೂ ಕಾರಿನ ದಾರಿ. ಅಪ್ಪ ಅಮ್ಮನ ಮನೆಯಲ್ಲಿದ್ದುಕೊಂಡು ಬೇರೆಯವರು ಬಿಟ್ಟು ಓಡುವ ಬೇಸ್‌ನಲ್ಲಿ ಹಾರಿದರೆ ನಿಮ್ಮ ಚಿಕ್ಕ ಪಟ್ಟಿಯಲ್ಲಿ ಬೇಗ ಮೇಲೇರುತ್ತೀರಿ. ಎರಡೂ ಯುನೈಟೆಡ್‌ನ ದೊಡ್ಡ ಬೇಸ್‌ಗಳು. ಅಲ್ಲಿ ಬೆಳೆದ ಹುಡುಗರು ಕಂಪನಿ ಆರಿಸುವಾಗಲೇ ಇದನ್ನು ಗಮನಿಸಬೇಕು.

ವಿಮಾನ ಆರಿಸುವಾಗ ಮುಂದಿನ ಊರನ್ನೂ ನೋಡಿ

ಬೇಕಾದ ಊರು ಮೊದಲ ದಿನ ಸಿಗಲಿಲ್ಲ ಎಂದುಕೊಳ್ಳಿ. ಆಗ ಆ ಊರಿನಲ್ಲೂ ಇರುವ ವಿಮಾನವನ್ನು ಆರಿಸಿ. 737, ಎ320 ಹಲವು ಬೇಸ್‌ಗಳಲ್ಲಿರುತ್ತವೆ. ದೊಡ್ಡ ವಿಮಾನಗಳು ಕೆಲವೇ ಕಡೆ. ಅದೇ ವಿಮಾನ, ಅದೇ ಸೀಟು, ಬೇಸ್ ಮಾತ್ರ ಬದಲು ಎಂದರೆ ಹೊಸ ಟ್ರೇನಿಂಗ್ ಬೇಕಿಲ್ಲ, ಕೆಲಸ ಸಲೀಸು. ವಿಮಾನವೂ ಬದಲಾಗಬೇಕಾದರೆ ಮತ್ತೆ ಸಿಮ್ಯುಲೇಟರ್, ಮತ್ತೆ ಪರೀಕ್ಷೆ. ಜೊತೆಗೆ ಲಾಕ್ ಇರುತ್ತದೆ. ಒಮ್ಮೆ ಒಂದು ವಿಮಾನಕ್ಕೆ ಟ್ರೇನಿಂಗ್ ಕೊಟ್ಟ ಮೇಲೆ ಒಂದೆರಡು ವರ್ಷ ಅಲ್ಲೇ ಇರಬೇಕು ಎಂಬ ಕರಾರು. ಅದು ಎಷ್ಟು ದಿನ, ಬೇಸ್ ಬದಲಾವಣೆಗೂ ಅನ್ವಯವಾಗುತ್ತದಾ ಎಂದು ಒಪ್ಪಂದದ ಪುಸ್ತಕದಲ್ಲೇ ಓದಿ. ಕ್ಯಾಂಟೀನ್ ಮಾತು ನಂಬಬೇಡಿ.

ವಿಮಾನದ ವಯಸ್ಸೂ ನೋಡಿ. 2020ರಲ್ಲಿ ಡೆಲ್ಟಾ ತನ್ನ ಎಂಡಿ-88, ಎಂಡಿ-90 ಮತ್ತು 777 ವಿಮಾನಗಳನ್ನು ಪೂರ್ತಿ ತೆಗೆದುಹಾಕಿತು. ಅಮೆರಿಕನ್ 757, 767, ಎ330ಗಳಿಗೆ ವಿದಾಯ ಹೇಳಿತು. ಅವುಗಳ ಪೈಲಟ್‌ಗಳು ತಮ್ಮ ನಂಬರ್‌ಗೆ ಸಿಕ್ಕ ಜಾಗಕ್ಕೆ ಹೋಗಬೇಕಾಯಿತು. ಮೇಲಿನವರು ಬಂದು ಕೂತಾಗ ಕೆಳಗಿನವರು ಇನ್ನೂ ಕೆಳಗೆ ಸರಿಯುತ್ತಾರೆ. ಇದಕ್ಕೆ ಡಿಸ್‌ಪ್ಲೇಸ್‌ಮೆಂಟ್ ಅನ್ನುತ್ತಾರೆ.

ಸೇರಿದ ಮೇಲೆ ಬಿಡ್ ಹಾಕುವ ಕ್ರಮ

ಕಂಪನಿ ಆಗಾಗ ಖಾಲಿ ಜಾಗಗಳ ಪಟ್ಟಿ ಹೊರಡಿಸುತ್ತದೆ. ಆಸಕ್ತಿ ಇದ್ದವರು ಬಿಡ್ ಹಾಕುತ್ತಾರೆ, ಅಂದರೆ ತಮಗೆ ಬೇಕಾದ ಜಾಗವನ್ನು ಬರೆದು ಕೊಡುತ್ತಾರೆ. ಫಲಿತಾಂಶದಲ್ಲಿ ಪ್ರತಿ ಜಾಗಕ್ಕೂ ಕೊನೆಯದಾಗಿ ಸಿಕ್ಕ ನಂಬರ್ ಯಾವುದು ಎಂದು ಗೊತ್ತಾಗುತ್ತದೆ. ಸಿಇಟಿ ಕಟ್‌ಆಫ್ ನೋಡುವ ಹಾಗೆ, ಹಿಂದಿನ ಐದಾರು ಫಲಿತಾಂಶ ಪಕ್ಕಪಕ್ಕ ಇಟ್ಟು ನೋಡಿ. ನಿಮಗೆ ಬೇಕಾದ ಊರಿನ ಕಟ್‌ಆಫ್ ನಿಮ್ಮ ನಂಬರ್ ಕಡೆ ಬರುತ್ತಿದೆಯಾ, ದೂರ ಹೋಗುತ್ತಿದೆಯಾ ಎಂದು ತಿಳಿಯುತ್ತದೆ. ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆದುಕೊಳ್ಳಿ: ನಿಮ್ಮ ಮೇಲಿರುವವರಲ್ಲಿ ಮುಂದಿನ ಐದು ವರ್ಷದಲ್ಲಿ 65 ತುಂಬುವವರು ಎಷ್ಟು ಜನ. ಸಾಮಾನ್ಯವಾಗಿ ಯೂನಿಯನ್ ಬಳಿ ಈ ಮಾಹಿತಿ ಇರುತ್ತದೆ. ಕಂಪನಿ ಒಂದು ವಿಮಾನವನ್ನೂ ಹೆಚ್ಚಿಗೆ ಕೊಳ್ಳದಿದ್ದರೂ ಅಷ್ಟು ಮೆಟ್ಟಿಲು ನೀವು ಏರುತ್ತೀರಿ.

ಬಿಡ್ ಹಾಕುವಾಗ ನಿಜವಾಗಿಯೂ ಹೋಗಲು ಸಿದ್ಧ ಇರುವ ಜಾಗವನ್ನು ಮಾತ್ರ ಬರೆಯಿರಿ. ಸಿಗಲ್ಲ ಬಿಡು, ಸುಮ್ನೆ ಹಾಕೋಣ ಎಂದು ಬರೆದದ್ದು ಸಿಕ್ಕಿಬಿಟ್ಟರೆ ಹೋಗಲೇಬೇಕು, ಲಾಕ್ ಕೂಡ ಬೀಳುತ್ತದೆ. ಹಾಗೆಯೇ ಒಮ್ಮೆ ಹಾಕಿದ ಬಿಡ್ ಸಿಸ್ಟಮ್‌ನಲ್ಲಿ ಉಳಿದುಕೊಳ್ಳುವ ಪದ್ಧತಿಯೂ ಇದೆ. ಮದುವೆಯಾಯಿತು, ಮನೆ ಕೊಂಡಿರಿ, ಊರು ಬದಲಾಯಿತು ಎಂದಾಗ ಹಳೆಯ ಬಿಡ್ ತೆಗೆಯಲು ಮರೆಯಬೇಡಿ.

ಕ್ಯಾಪ್ಟನ್ ಆಗುವ ಬಿಡ್ ಬಗ್ಗೆ ಪ್ರತ್ಯೇಕವಾಗಿ ಯೋಚಿಸಬೇಕು. ನಿಯಮದ ಪ್ರಕಾರ ಏರ್‌ಲೈನ್ ಹಾರಾಟದಲ್ಲಿ 1,000 ಗಂಟೆ ಅನುಭವ ಬೇಕು. 2022-23ರಲ್ಲಿ ಕ್ಯಾಪ್ಟನ್ ಸೀಟುಗಳಿಗೆ ಸೀನಿಯರ್‌ಗಳು ಮುಂದೆ ಬರದೆ, ಕೆಲಸಕ್ಕೆ ಸೇರಿ ಸ್ವಲ್ಪವೇ ಕಾಲವಾದ ಫಸ್ಟ್ ಆಫೀಸರ್‌ಗಳಿಗೂ ಅವಕಾಶ ಸಿಕ್ಕಿತು. ಸಂಬಳ ಚೆನ್ನಾಗಿ ಏರುತ್ತದೆ. ಚಿಕ್ಕ ವಿಮಾನದ ಕ್ಯಾಪ್ಟನ್ ದರ ಸಾಮಾನ್ಯವಾಗಿ ದೊಡ್ಡ ವಿಮಾನದ ಫಸ್ಟ್ ಆಫೀಸರ್ ದರಕ್ಕಿಂತ ಹೆಚ್ಚು. ಆದರೆ ಕ್ಯಾಪ್ಟನ್ ಪಟ್ಟಿಯಲ್ಲಿ ಮತ್ತೆ ಕೊನೆಯವರು, ಮತ್ತೆ ರಿಸರ್ವ್. ಬೇಸ್ ಮನೆ ಹತ್ತಿರ ಇದ್ದರೆ ತೆಗೆದುಕೊಳ್ಳಿ. ದೂರವಿದ್ದು, ಮನೆಯಲ್ಲಿ ಎಳೆಮಗು ಇದ್ದರೆ, ಎರಡು ವರ್ಷ ಕಾದರೆ ಸೀನಿಯಾರಿಟಿಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ನಂಬರ್ ನಿಮ್ಮದಾಗಿಯೇ ಇರುತ್ತದೆ, ಇನ್ನೂ ಮೇಲಕ್ಕೆ ಹೋಗಿರುತ್ತದೆ.

ರಜೆಯ ವಿಷಯ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ದಿನಗಳು ಸೀನಿಯರ್‌ಗಳ ಪಾಲು, ಹೊಸಬರು ಆಸೆ ಬಿಡುವುದೇ ಒಳ್ಳೆಯದು. ಯುಗಾದಿ, ದೀಪಾವಳಿಗೆ ಅಷ್ಟು ಪೈಪೋಟಿ ಇರುವುದಿಲ್ಲ. ಪ್ರತಿ ತಿಂಗಳು ಟ್ರಿಪ್, ರಜೆಗಾಗಿ ಹಾಕುವ ಬಿಡ್‌ನಲ್ಲಿ ಆ ದಿನಗಳನ್ನೇ ಮೊದಲ ಆದ್ಯತೆಯಾಗಿ ಕೇಳಿ, ಕೆಳಗಿನ ನಂಬರ್‌ನಲ್ಲಿದ್ದರೂ ಸಿಗುವ ಸಾಧ್ಯತೆ ಇದೆ. ಗಣೇಶನ ಹಬ್ಬ ಲೇಬರ್ ಡೇ ವಾರಾಂತ್ಯಕ್ಕೆ ಬಂದ ವರ್ಷ ಮಾತ್ರ ಕಷ್ಟ.

ಕೆಟ್ಟ ಕಾಲಕ್ಕೂ ತಯಾರಿ ಇರಲಿ

ಕಂಪನಿ ಸೊರಗಿದಾಗ ಕೊನೆಗೆ ಸೇರಿದವರು ಮೊದಲು ಹೊರಗೆ. ಇದಕ್ಕೆ ಫರ್ಲೋ ಅನ್ನುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಸಾವಿರಾರು ಜನ ಹೋದರು. 2024ರಲ್ಲಿ ಸ್ಪಿರಿಟ್ ಏರ್‌ಲೈನ್ಸ್ ಪೈಲಟ್‌ಗಳಿಗೂ ಆಯಿತು. ಫರ್ಲೋ ಆದವರನ್ನು ವಾಪಸ್ ಕರೆಯುವುದು ಸೀನಿಯಾರಿಟಿ ಕ್ರಮದಲ್ಲೇ, ಹೊಸಬರನ್ನು ತೆಗೆದುಕೊಳ್ಳುವ ಮೊದಲು. ಹಾಗಾಗಿ ಫರ್ಲೋ ಆದರೆ ರಾಜೀನಾಮೆ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ, ನಂಬರ್ ಹೋಗುತ್ತದೆ. ಹೊಸ ಕೆಲಸ ಕೊಡುವವರು ಹಳೆಯ ನಂಬರ್ ಬಿಡಬೇಕು ಎಂದು ಕೇಳಿದರೆ ಮೊದಲು ಯೂನಿಯನ್ ಜೊತೆ ಮಾತಾಡಿ.

ಎರಡು ಕಂಪನಿ ಸೇರಿ ಒಂದಾದಾಗ ಎರಡು ಪಟ್ಟಿಯನ್ನೂ ಒಂದು ಮಾಡಬೇಕು. 2001ರಲ್ಲಿ ಟಿಡಬ್ಲ್ಯೂಎಯನ್ನು ಅಮೆರಿಕನ್ ಕೊಂಡಾಗ ಟಿಡಬ್ಲ್ಯೂಎಯ ಎಷ್ಟೋ ಪೈಲಟ್‌ಗಳನ್ನು ಪಟ್ಟಿಯ ತಳಕ್ಕೆ ಹಾಕಿದರು. ಆ ನೋವಿನಿಂದಲೇ 2007ರಲ್ಲಿ ಮೆಕಾಸ್ಕಿಲ್-ಬಾಂಡ್ ಕಾನೂನು ಬಂತು. ಈಗ ಪಟ್ಟಿ ಜೋಡಣೆ ನ್ಯಾಯಯುತವಾಗಿರಬೇಕು, ಒಪ್ಪಿಗೆಯಾಗದಿದ್ದರೆ ಮಧ್ಯಸ್ಥರ ಮುಂದೆ ಹೋಗಬೇಕು. ವಿಲೀನದ ಸುದ್ದಿ ಬಂದಾಗ ಹೊಸ ಪೈಲಟ್ ಮಾಡಬೇಕಾದ ಕೆಲಸ ಒಂದಿದೆ. ತಾನು ಸೇರಿದ ತಾರೀಖು, ಹುಟ್ಟಿದ ತಾರೀಖು, ಕ್ಲಾಸಿನಲ್ಲಿ ತನ್ನ ಕ್ರಮಸಂಖ್ಯೆ ಕಂಪನಿಯ ಪಟ್ಟಿಯಲ್ಲಿ ಸರಿಯಾಗಿ ಅಚ್ಚಾಗಿದೆಯಾ ಎಂದು ಪರೀಕ್ಷಿಸುವುದು. ಪಟ್ಟಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಒಂದು ಗಡುವು ಇರುತ್ತದೆ. ಮೊದಲ ಪಟ್ಟಿ ಕೈಗೆ ಬಂದ ದಿನವೇ ನಿಮ್ಮ ಹೆಸರಿನ ಮೇಲಿನ ಹೆಸರು, ಕೆಳಗಿನ ಹೆಸರು ನೋಡಿ, ತಪ್ಪಿದ್ದರೆ ಅವತ್ತೇ ಬರೆದು ಕಳುಹಿಸಿ.